ಸ್ಫೋಟದ ಮರುದಿನ: ರಾಸಾಯನಿಕ ಅವಘಡಗಳ ತನಿಖೆ ಮತ್ತು ನಾವು ಓದದ ವರದಿಗಳು



ಈ ದತ್ತಿ ಉಪನ್ಯಾಸದಲ್ಲಿ ಬೆಂಕಿ, ಸ್ಫೋಟಗಳ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಒಂದು ಕ್ಷಣ ಸುಮ್ಮನಾಗಿ, ‘ಆಗಲಿ ಸರ್, ಕಾಫಿಗೆ ಮುಂಚೆ ಮುಗಿಸಿಬಿಡಿ’ ಎಂದರು. ಪ್ರಯತ್ನಿಸುತ್ತೇನೆ.

ಕಾರ್ಖಾನೆಗೆ ಬೆಂಕಿ ಬಿದ್ದ ಸುದ್ದಿಗೆ ನಮ್ಮ ಪತ್ರಿಕೆಗಳಲ್ಲಿ ಒಂದು ಸಿದ್ಧ ಅಚ್ಚಿದೆ. ಸತ್ತವರ ಸಂಖ್ಯೆ, ಅಗ್ನಿಶಾಮಕ ವಾಹನಗಳ ಸಂಖ್ಯೆ, ಭೇಟಿಯಿತ್ತ ಸಚಿವರ ಹೆಸರು, ಪರಿಹಾರದ ಮೊತ್ತ. ನಡುವೆಲ್ಲೋ ‘ಶಾರ್ಟ್ ಸರ್ಕ್ಯೂಟ್ ಕಾರಣವೆಂದು ಶಂಕಿಸಲಾಗಿದೆ’. ಕಡೆಯಲ್ಲಿ ‘ತನಿಖೆಗೆ ಆದೇಶಿಸಲಾಗಿದೆ’. ಆ ತನಿಖೆಯಲ್ಲಿ ಏನು ಕಂಡಿತು ಎಂಬುದು ಸುದ್ದಿಯಾಗುವುದು ತೀರ ಅಪರೂಪ. ಇವತ್ತಿನ ನನ್ನ ಮಾತೆಲ್ಲ ಆ ಕಡೆಯ ವಾಕ್ಯದ ಬಗ್ಗೆ.

ತನಿಖೆಗೆ ಹೋದವರ ಕಣ್ಣಿಗೆ ಬೀಳುವ ಸ್ಥಳ ಮೂರು ಸಲ ಹಾಳಾಗಿರುತ್ತದೆ. ಮೊದಲು ಸ್ಫೋಟ ಒಡೆದಿರುತ್ತದೆ, ಆಮೇಲೆ ಬೆಂಕಿ ಸುಟ್ಟಿರುತ್ತದೆ, ಕೊನೆಗೆ ರಕ್ಷಣೆಗೆ ಬಂದವರ ನೀರು, ಜೆಸಿಬಿ, ಕ್ರೇನುಗಳು ಉಳಿದದ್ದನ್ನು ಕದಡಿರುತ್ತವೆ. ಈ ಮೂರನೆಯದನ್ನು ದೂರುವಂತಿಲ್ಲ. ಅವಶೇಷದಡಿ ಒಂದು ಜೀವ ಮಿಡಿಯುತ್ತಿರಬಹುದು ಎನ್ನುವಾಗ ಸಾಕ್ಷ್ಯದ ಮಾತೆತ್ತುವುದು ಸಲ್ಲದು. ಆದರೆ ಜೀವಗಳ ಹುಡುಕಾಟ ಮುಗಿದ ಮೇಲೂ ಗುಜರಿ ಲಾರಿಗಳು ಒಳಗೆ ಬರುತ್ತಿದ್ದರೆ ಅದರ ಅರ್ಥ ಬೇರೆ. ಅನುಭವಸ್ಥ ತನಿಖಾಧಿಕಾರಿ ಮೊದಲು ಗೇಟು ಮುಚ್ಚಿಸುತ್ತಾನೆ. ಒಂದು ನಟ್ಟನ್ನೂ ಎತ್ತುವ ಮುಂಚೆ ಅದು ಬಿದ್ದಲ್ಲೇ ಫೋಟೊ ತೆಗೆಸಿ, ನಕ್ಷೆಯಲ್ಲಿ ಗುರುತು ಹಾಕಿಸುತ್ತಾನೆ. ವಾಲ್ವ್ ತೆರೆದಿತ್ತೋ ಮುಚ್ಚಿತ್ತೋ ಎಂಬುದನ್ನು ಯಾರೂ ಅದನ್ನು ತಿರುಗಿಸಿ ನೋಡುವ ಮೊದಲೇ ಬರೆದಿಡಬೇಕು. ತಿರುಗಿಸಿ ನೋಡುವ ಕುತೂಹಲ ಎಲ್ಲರಿಗೂ ಇರುತ್ತದೆ, ಆಡಳಿತ ಮಂಡಳಿಯವರಿಗೆ ತುಸು ಹೆಚ್ಚೇ.

ಇಷ್ಟು ಹಾಳಾದ ಮೇಲೂ ಓದಬಲ್ಲವರಿಗೆ ಅಲ್ಲಿ ಬೇಕಾದಷ್ಟು ಉಳಿದಿರುತ್ತದೆ. ಉಕ್ಕಿನ ಪಾತ್ರೆ ಸೀಳಿದ ಅಂಚಿನಲ್ಲಿ ಬಾಣದ ತುದಿಯಂಥ ಗೆರೆಗಳಿದ್ದರೆ ಅವು ಬಿರುಕು ಹುಟ್ಟಿದ ಕಡೆಗೆ ಕೈತೋರಿಸುತ್ತವೆ. ಒತ್ತಡ ನಿಧಾನವಾಗಿ ಏರಿ ಒಡೆದ ಪಾತ್ರೆ ಉಬ್ಬಿ, ತೆಳುವಾಗಿ, ದೊಡ್ಡ ಹಾಳೆಗಳಾಗಿ ಹರಿಯುತ್ತದೆ. ಒಳಗೇ ಆಸ್ಫೋಟವಾಗಿದ್ದರೆ ಚೂರುಚೂರಾಗುತ್ತದೆ. ಎಷ್ಟು ದೂರದ ಮನೆಗಳ ಕಿಟಕಿ ಗಾಜು ಒಡೆಯಿತು, ಎಲ್ಲಿಂದಾಚೆಗೆ ಒಡೆಯಲಿಲ್ಲ ಎಂದು ಬೀದಿ ಬೀದಿ ನಡೆದು ಗುರುತಿಸಿದರೆ ಸ್ಫೋಟದ ಬಲವನ್ನು ಲೆಕ್ಕ ಹಾಕಬಹುದು. ಒಂದು ಕಿಲೋಪ್ಯಾಸ್ಕಲ್ ಸುಮಾರಿನ ಒತ್ತಡಕ್ಕೆ ಗಾಜು ಒಡೆಯತೊಡಗುತ್ತದೆ, ಏಳರ ಹೊತ್ತಿಗೆ ಮನೆ ವಾಸಕ್ಕೆ ಯೋಗ್ಯವಾಗಿ ಉಳಿಯುವುದಿಲ್ಲ. ಕಂಟ್ರೋಲ್ ರೂಮಿನ ಕಂಪ್ಯೂಟರು ಉಳಿದಿದ್ದರಂತೂ ಉಷ್ಣತೆ, ಒತ್ತಡ, ಮಟ್ಟಗಳ ದಾಖಲೆ ಕ್ಷಣಕ್ಷಣಕ್ಕೂ ಸಿಗುತ್ತದೆ. ಅದನ್ನು ಭೂಕಂಪ ಮಾಪಕದ ಗೆರೆ, ಪಕ್ಕದ ಕಾರ್ಖಾನೆಯ ಸಿಸಿಟಿವಿ, ಸಾಕ್ಷಿಗಳ ಮಾತು ಇವುಗಳ ಜೊತೆ ಒಂದೇ ಕಾಲರೇಖೆಯ ಮೇಲೆ ಕೂರಿಸುವುದರಲ್ಲೇ ತಿಂಗಳುಗಳು ಕಳೆಯುತ್ತವೆ.

ಇದೆಲ್ಲ ‘ಏನಾಯಿತು’ ಎಂಬುದಕ್ಕೆ ಉತ್ತರ ಕೊಡುತ್ತದೆ. ನಿಜವಾದ ಜಗಳ ಅದರ ಮುಂದಿನ ‘ಏಕಾಯಿತು’ ಎಂಬ ಪ್ರಶ್ನೆಯದು. ಒಂದು ಪ್ರಕರಣವನ್ನು ವಿವರವಾಗಿಯೇ ಹೇಳುತ್ತೇನೆ.

2005ರ ಮಾರ್ಚ್ 23. ಅಮೆರಿಕದ ಟೆಕ್ಸಸ್ ಸಿಟಿಯಲ್ಲಿದ್ದ ಬಿಪಿ ಕಂಪನಿಯ ತೈಲ ಸಂಸ್ಕರಣಾಗಾರ. ದುರಸ್ತಿಗೆ ನಿಲ್ಲಿಸಿದ್ದ ಒಂದು ಘಟಕವನ್ನು ಮತ್ತೆ ಶುರುಮಾಡುತ್ತಿದ್ದರು. ಅದರಲ್ಲೊಂದು 170 ಅಡಿ ಎತ್ತರದ ಟವರ್. ಅದರ ತಳದಲ್ಲಿ ಆರೂವರೆ ಅಡಿಯಷ್ಟು ದ್ರವ ಇರಬೇಕು. ಅಂದು ಒಳಗೆ ದ್ರವ ಬರುತ್ತಲೇ ಇತ್ತು, ಹೊರಹೋಗುವ ದಾರಿ ಮೂರು ಗಂಟೆ ಮುಚ್ಚಿತ್ತು. ದ್ರವ 158 ಅಡಿಗೇರಿದಾಗ ಕಂಟ್ರೋಲ್ ರೂಮಿನ ಪರದೆ ತೋರಿಸುತ್ತಿದ್ದುದು ಎಂಟು ಅಡಿಗೂ ಕಡಿಮೆ, ಅದೂ ಇಳಿಯುತ್ತಿರುವಂತೆ. ಮಟ್ಟ ಮಾಪಕದ ಹೊಂದಾಣಿಕೆ ಸರಿಯಿರಲಿಲ್ಲ. ಎಚ್ಚರಿಸಬೇಕಿದ್ದ ಎರಡನೆಯ ಅಲಾರಂ ಕೆಟ್ಟಿತ್ತು. ಕಣ್ಣಲ್ಲೇ ನೋಡಬಹುದಾಗಿದ್ದ ಗಾಜಿನ ಕೊಳವೆ ಕೊಳೆ ಹಿಡಿದು ಕಪ್ಪಾಗಿತ್ತು. ರಾತ್ರಿ ಪಾಳಿಯವರು ಲಾಗ್ ಪುಸ್ತಕದಲ್ಲಿ ಬಿಟ್ಟುಹೋದದ್ದು ಒಂದೇ ಸಾಲು. ಬೆಳಗಿನ ಮೇಲ್ವಿಚಾರಕ ಮನೆಯಲ್ಲಿ ಯಾರಿಗೋ ಆರೋಗ್ಯ ಕೆಟ್ಟಿತೆಂದು ಹೊರಟುಹೋದ, ಬದಲಿಗೆ ಇನ್ನೊಬ್ಬರು ಬರಲಿಲ್ಲ. ಬೋರ್ಡಿನ ಮುಂದಿದ್ದ ಒಬ್ಬನೇ ಆಪರೇಟರ್ ಮೂರು ಘಟಕಗಳನ್ನು ನೋಡಿಕೊಳ್ಳಬೇಕಿತ್ತು. ಹನ್ನೆರಡು ಗಂಟೆಯ ಪಾಳಿಯಲ್ಲಿ ವಾರದ ರಜೆಯಿಲ್ಲದೆ ಇಪ್ಪತ್ತೊಂಬತ್ತು ದಿನ ದುಡಿದಿದ್ದವರು ಆ ತಂಡದಲ್ಲಿದ್ದರು.

ಮಧ್ಯಾಹ್ನ ಒಂದೂ ಇಪ್ಪತ್ತರ ಹೊತ್ತಿಗೆ ಟವರ್ ತುಂಬಿ ಉಕ್ಕಿತು. ಉಕ್ಕಿದ್ದು ಹೋಗಿ ಸೇರಿದ್ದು 1950ರ ದಶಕದ ಒಂದು ಡ್ರಮ್ಮಿಗೆ. ಅದರ ಚಿಮಣಿಯ ತುದಿಯಲ್ಲಿ ಸುಟ್ಟುಹಾಕುವ ಜ್ವಾಲೆ ಇರಲಿಲ್ಲ, ಬಾಯಿ ನೇರ ಆಕಾಶಕ್ಕೆ ತೆರೆದಿತ್ತು. ಅಲ್ಲಿಂದ ಪೆಟ್ರೋಲಿನಂಥ ದ್ರವ ಬುಗ್ಗೆಯಾಗಿ ಚಿಮ್ಮಿ ನೆಲಕ್ಕೆ ಸುರಿಯಿತು. ಹತ್ತಿರದಲ್ಲಿ ಎಂಜಿನ್ ಆರಿಸದೆ ನಿಂತಿದ್ದ ಒಂದು ಪಿಕಪ್ ವಾಹನದಿಂದ ಕಿಡಿ ಹತ್ತಿರಬೇಕು. ಸತ್ತವರು 15 ಜನ, ಗಾಯಗೊಂಡವರು 180. ಸತ್ತ ಎಲ್ಲರೂ ಗುತ್ತಿಗೆ ನೌಕರರು. ಬೇರೆ ಘಟಕದ ಕೆಲಸಕ್ಕೆಂದು ಹತ್ತಿರದಲ್ಲೇ ನಿಲ್ಲಿಸಿದ್ದ ಟ್ರೇಲರ್ ಕಚೇರಿಗಳ ಒಳಗೂ ಸುತ್ತಲೂ ಇದ್ದವರು. ಪಕ್ಕದ ಘಟಕ ಶುರುವಾಗುತ್ತಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವರಲ್ಲಿ ಹಲವರು ಆಗಷ್ಟೇ ಊಟ ಮುಗಿಸಿ ಬಂದಿದ್ದರು. ಒಂದು ತಿಂಗಳಿಂದ ಯಾರಿಗೂ ಕೆಲಸ ತಪ್ಪಿಸುವಂಥ ಗಾಯ ಆಗಲಿಲ್ಲ ಎಂಬ ಸಂತೋಷಕ್ಕೆ ಏರ್ಪಡಿಸಿದ್ದ ಊಟ ಅದು.

ಕಂಪನಿಯ ಮೊದಲ ವರದಿ ಎರಡು ತಿಂಗಳಲ್ಲಿ ಬಂತು. ಬೆರಳು ತೋರಿಸಿದ್ದು ಮುಖ್ಯವಾಗಿ ಆಪರೇಟರುಗಳ, ಮೇಲ್ವಿಚಾರಕರ ಕಡೆಗೆ. ಕೆಲವರ ಮೇಲೆ ಶಿಸ್ತು ಕ್ರಮವೂ ಆಯಿತು. ನಮ್ಮಲ್ಲಾಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅಲ್ಲಿ ಮುಗಿಯದಿರಲು ಕಾರಣ ಒಂದು ಸಣ್ಣ ಸರ್ಕಾರಿ ಸಂಸ್ಥೆ. ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿ 1990ರ ಕಾಯ್ದೆಯಿಂದ ಹುಟ್ಟಿ 1998ರಲ್ಲಿ ಕೆಲಸ ಆರಂಭಿಸಿತು. ದಂಡ ಹಾಕುವ, ಲೈಸೆನ್ಸ್ ರದ್ದುಮಾಡುವ, ಬಂಧಿಸುವ ಅಧಿಕಾರ ಅದಕ್ಕಿಲ್ಲ. ಅದರ ತೀರ್ಮಾನಗಳನ್ನು ಪರಿಹಾರದ ದಾವೆಗಳಲ್ಲಿ ಸಾಕ್ಷ್ಯವಾಗಿ ಬಳಸುವಂತೆಯೂ ಇಲ್ಲ. ಮೇಲುನೋಟಕ್ಕೆ ಹಲ್ಲಿಲ್ಲದ ಸಂಸ್ಥೆ. ನನ್ನ ಮಟ್ಟಿಗೆ ಅದರ ಶಕ್ತಿ ಇರುವುದೇ ಅಲ್ಲಿ. ಶಿಕ್ಷೆಯ ಭಯವಿಲ್ಲದ ಕಡೆ ಆಪರೇಟರ್ ಬಾಯಿ ಬಿಡುತ್ತಾನೆ.

ಮಂಡಳಿಯ ತನಿಖೆ ಎರಡು ವರ್ಷ ಹಿಡಿಯಿತು. ಅವರು ಕೇಳಿದ ಪ್ರಶ್ನೆ ಸರಳವಾಗಿತ್ತು: ಆಪರೇಟರ್ ನಿಯಮ ಮೀರಿ ಟವರ್ ತುಂಬಿಸಿದ, ಸರಿ. ಅದು ಅವತ್ತು ಮಾತ್ರ ನಡೆದದ್ದೇ? ಹಳೆಯ ದಾಖಲೆ ತೆಗೆದು ನೋಡಿದರೆ ಹಿಂದಿನ ಐದು ವರ್ಷಗಳಲ್ಲಿ ಘಟಕ ಶುರುವಾದ ಬಹುಪಾಲು ಸಲ ದ್ರವ ಮಟ್ಟ ಮೀರಿತ್ತು. ಅಂದರೆ ನಿಯಮ ಪುಸ್ತಕದಲ್ಲಿತ್ತು, ರೂಢಿ ಬೇರೆ ಇತ್ತು, ಅದನ್ನು ಯಾರೂ ಅವಘಡವೆಂದು ತನಿಖೆ ಮಾಡಿರಲಿಲ್ಲ. ಆ ಹಳೆಯ ಡ್ರಮ್ಮನ್ನು ಬದಲಿಸುವ ಅವಕಾಶಗಳು ಬಂದು ಬಂದು ಹೋಗಿದ್ದವು. 1999ರಲ್ಲಿ ಕಂಪನಿಯ ಮೇಲಿನವರು ಶೇಕಡ 25ರಷ್ಟು ಖರ್ಚು ಕಡಿತಕ್ಕೆ ಸೂಚಿಸಿದ್ದರು. ಕೆಳಗಿನಿಂದ ಹೋದ ಎಚ್ಚರಿಕೆಗಳು ಮೇಲೆ ತಲುಪಿದಾಗ, ಕಾಲು ಜಾರಿ ಬಿದ್ದವರ, ಕೈ ಕುಯ್ದುಕೊಂಡವರ ಸಂಖ್ಯೆ ಕಡಿಮೆ ಇರುವುದನ್ನು ತೋರಿಸಿ ಎಲ್ಲ ಚೆನ್ನಾಗಿದೆ ಎಂದುಕೊಂಡರು. ಕಾಲು ಜಾರುವ ಲೆಕ್ಕಕ್ಕೂ ಟವರ್ ಉಕ್ಕುವ ಲೆಕ್ಕಕ್ಕೂ ಸಂಬಂಧವಿಲ್ಲ. ಮಂಡಳಿಯ ತುರ್ತು ಶಿಫಾರಸಿನಂತೆ ಮಾಜಿ ವಿದೇಶಾಂಗ ಸಚಿವ ಜೇಮ್ಸ್ ಬೇಕರ್ ನೇತೃತ್ವದ ಸಮಿತಿ ಆ ಕಂಪನಿಯ ಅಮೆರಿಕದ ಐದೂ ಸಂಸ್ಕರಣಾಗಾರಗಳನ್ನು ನೋಡಿ 2007ರಲ್ಲಿ ಹೇಳಿದ್ದೂ ಇದನ್ನೇ.

‘ಮನುಷ್ಯನ ತಪ್ಪು’ ಎಂದು ತನಿಖೆ ನಿಲ್ಲಿಸುವುದು ಅನುಕೂಲದ ಅಭ್ಯಾಸ. ಆ ಮನುಷ್ಯನನ್ನು ತೆಗೆದುಹಾಕಿದರೆ ಖರ್ಚಿಲ್ಲದೆ ಕೆಲಸ ಮುಗಿಯುತ್ತದೆ. ಮಾಪಕ, ಡ್ರಮ್ಮು, ಪಾಳಿಯ ಪಟ್ಟಿ ಹಾಗೇ ಉಳಿಯುತ್ತವೆ, ಅದೇ ಕುರ್ಚಿಗೆ ಇನ್ನೊಬ್ಬ ಬರುತ್ತಾನೆ. ಬ್ರಿಟನ್ನಿನ ಐಸಿಐ ಕಂಪನಿಯಲ್ಲಿದ್ದ ಎಂಜಿನಿಯರ್ ಟ್ರೆವರ್ ಕ್ಲೆಟ್ಜ್ ಬದುಕಿಡೀ ಇದನ್ನೇ ಹೇಳಿಕೊಂಡು ಬಂದರು.

ಈಗ ಭೋಪಾಲಕ್ಕೆ ಬರೋಣ. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿಯ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ 610ನೇ ಸಂಖ್ಯೆಯ ಟ್ಯಾಂಕಿನಲ್ಲಿ ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ಎಂಬ ವಿಷದ್ರವ ಇತ್ತು. ಅದರೊಳಗೆ ನೀರು ಹೋಯಿತು. ಅನಿಲ ಹೊರಬಂದ ಮೇಲೆ ಟ್ಯಾಂಕಿನಲ್ಲಿ ಉಳಿದ ಶೇಷವನ್ನು ಸಿಎಸ್‌ಐಆರ್ ಮಹಾನಿರ್ದೇಶಕ ಎಸ್. ವರದರಾಜನ್ ನೇತೃತ್ವದ ನಮ್ಮ ವಿಜ್ಞಾನಿಗಳು ವಿಶ್ಲೇಷಿಸಿದರು, ಯೂನಿಯನ್ ಕಾರ್ಬೈಡಿನವರೂ ವಿಶ್ಲೇಷಿಸಿದರು. ಶೇಷದಲ್ಲಿದ್ದ ಸಂಯುಕ್ತಗಳಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಎಷ್ಟು ನೀರು ಹೋಗಿರಬೇಕು, ಉಷ್ಣತೆ ಎಲ್ಲಿಗೇರಿರಬೇಕು ಎಂದು ಕಂಡುಕೊಂಡದ್ದು ರಸಾಯನಶಾಸ್ತ್ರದ ಸುಂದರ ಪತ್ತೇದಾರಿ ಕೆಲಸ. ಸುಂದರ ಎಂಬ ಮಾತು ಇಲ್ಲಿ ಕಿವಿಗೆ ಕಷ್ಟವಾಗುತ್ತದೆ, ಆದರೆ ಅದು ನಿಜ. ನಮ್ಮವರು ಸುಮಾರು 500 ಕಿಲೋ ನೀರು ಎಂದರು. ಕಾರ್ಬೈಡಿನ ಅಂದಾಜೂ ಅದಕ್ಕೆ ದೂರವಿರಲಿಲ್ಲ. ತುಕ್ಕಿನಿಂದ ಬಂದ ಕಬ್ಬಿಣ ಕ್ರಿಯೆಯನ್ನು ಕೆರಳಿಸಿತು ಎಂಬುದರಲ್ಲೂ ದೊಡ್ಡ ಭೇದವಿರಲಿಲ್ಲ.

ಭೇದ ಬಂದದ್ದು ನೀರು ಹೋದ ದಾರಿಯ ಬಗ್ಗೆ. ಪೈಪುಗಳನ್ನು ತೊಳೆಯುವಾಗ ತಡೆ ಬಿಲ್ಲೆ ಹಾಕದೆ ನೀರು ಹರಿದುಹೋಯಿತು ಎಂದು ಕಾರ್ಮಿಕರು ಮತ್ತು ಇಲ್ಲಿಯ ಹಲವರು. ಅಸಮಾಧಾನಗೊಂಡ ಒಬ್ಬ ನೌಕರ ಬೇಕೆಂದೇ ಮೆದುಗೊಳವೆ ಜೋಡಿಸಿದ ಎಂದು ಕಂಪನಿ. 1988ರಲ್ಲಿ ಅದರ ಪರವಾಗಿ ಸಲಹಾ ಸಂಸ್ಥೆಯೊಂದರ ಅಶೋಕ್ ಕಲೇಲ್ಕರ್ ಲಂಡನ್ನಿನಲ್ಲಿ ಪ್ರಬಂಧ ಓದಿದರು. ನಾಲ್ಕು ದಶಕ ಈ ವಾದ ನಡೆದಿದೆ. ವಾದಕ್ಕೋಸ್ಕರ ಕಂಪನಿಯ ಮಾತನ್ನೇ ಒಪ್ಪೋಣ. ಹಾಗಾದರೂ ಕೇಳಬೇಕಾದ್ದು ಅಷ್ಟೂ ಉಳಿದೇ ಇರುತ್ತದೆ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿಡಬೇಕಾದ ದ್ರವದ ಶೀತಲ ಯಂತ್ರವನ್ನು ತಿಂಗಳುಗಟ್ಟಲೆ ಮುಂಚೆಯೇ ನಿಲ್ಲಿಸಿದ್ದೇಕೆ? ಅನಿಲ ತೊಳೆಯುವ ಸ್ಕ್ರಬ್ಬರ್ ಅಂದು ಕೆಲಸದಲ್ಲಿ ಇರಲಿಲ್ಲವೇಕೆ? ಸುಟ್ಟುಹಾಕುವ ಜ್ವಾಲಾಗೋಪುರದ ಪೈಪು ಬಿಚ್ಚಿಟ್ಟಿದ್ದೇಕೆ? ಮಧ್ಯಂತರ ಪದಾರ್ಥವೊಂದನ್ನು ಊರಿನ ಮಗ್ಗುಲಲ್ಲಿ 40 ಟನ್ ಕೂಡಿಟ್ಟಿದ್ದಾದರೂ ಏಕೆ? ಕೂಡಿಡದೇ ಇದ್ದರೆ ಯಾವ ದ್ರೋಹಿಯೂ ಅದನ್ನು ಸೋರಿಸಲಾರ. ಮೆದುಗೊಳವೆ ಹಿಡಿದ ಕೈ ಯಾರದು ಎಂದು ಹುಡುಕುವಷ್ಟು ಹೊತ್ತೂ ಈ ಪ್ರಶ್ನೆಗಳಿಂದ ಕಣ್ಣು ತಪ್ಪುತ್ತದೆ.

ನಮ್ಮ ಸರ್ಕಾರಗಳೂ ಇಲ್ಲಿ ಹೆಮ್ಮೆಪಡುವಂಥದ್ದೇನೂ ಮಾಡಲಿಲ್ಲ. ಮಧ್ಯಪ್ರದೇಶ ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಎನ್.ಕೆ. ಸಿಂಗ್ ಆಯೋಗವನ್ನು ವರದಿ ಬರುವ ಮುಂಚೆಯೇ ಬರಖಾಸ್ತು ಮಾಡಲಾಯಿತು. ಕ್ರಿಮಿನಲ್ ಮೊಕದ್ದಮೆಯಲ್ಲಿ 2010ರ ಜೂನ್‌ನಲ್ಲಿ ಕಂಪನಿಯ ಏಳು ಭಾರತೀಯ ಅಧಿಕಾರಿಗಳಿಗೆ ಎರಡು ವರ್ಷಗಳ ಶಿಕ್ಷೆಯಾಯಿತು. ಇಪ್ಪತ್ತೈದು ವರ್ಷ ಕಾದು ‘ಯಾರು’ ಎಂಬ ಪ್ರಶ್ನೆಗೆ ನಮಗೆ ಸಿಕ್ಕ ಉತ್ತರ ಅಷ್ಟು.

ಹಾಗೆಂದು ಎಲ್ಲ ಅವಘಡಗಳ ಹಿಂದೆಯೂ ಲೋಭವೇ ಇರುತ್ತದೆ ಎನ್ನಲಾರೆ. ತಿಳಿಯದೆ ಸಾಯುವವರೂ ಇದ್ದಾರೆ. ಫ್ಲೋರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ ಟಿ2 ಲ್ಯಾಬೊರೇಟರೀಸ್ ಎಂಬ ಚಿಕ್ಕ ಕಂಪನಿ ಇತ್ತು. ಒಬ್ಬ ರಸಾಯನಶಾಸ್ತ್ರಜ್ಞ, ಒಬ್ಬ ಕೆಮಿಕಲ್ ಎಂಜಿನಿಯರ್ ಸೇರಿ ನಡೆಸುತ್ತಿದ್ದದ್ದು. ಪೆಟ್ರೋಲಿಗೆ ಬೆರೆಸುವ ಒಂದು ಮ್ಯಾಂಗನೀಸ್ ಸಂಯುಕ್ತವನ್ನು ತಯಾರಿಸುತ್ತಿದ್ದರು. ಪ್ರಯೋಗಾಲಯದ ಒಂದು ಲೀಟರ್ ಗಾಜಿನ ಪಾತ್ರೆಯಿಂದ ನೇರ ದೊಡ್ಡ ರಿಯಾಕ್ಟರಿಗೆ ಹೋದರು. 42ನೇ ಬ್ಯಾಚಿನಿಂದ ಪ್ರಮಾಣವನ್ನು ಮೂರನೇ ಒಂದರಷ್ಟು ಹೆಚ್ಚಿಸಿದರು. ಮನೆಯ ಚರಿಗೆಯ ಸಾರು ಆರುವಷ್ಟು ಬೇಗ ಮದುವೆಮನೆಯ ಕೊಪ್ಪರಿಗೆಯ ಸಾರು ಆರುವುದಿಲ್ಲ. ಪಾತ್ರೆ ದೊಡ್ಡದಾದಂತೆ ಶಾಖ ಹುಟ್ಟುವುದು ಗಾತ್ರಕ್ಕೆ ತಕ್ಕಂತೆ, ಹೊರಹೋಗುವುದು ಮೈಗೆ ತಕ್ಕಂತೆ. 2007ರ ಡಿಸೆಂಬರ್ 19ರಂದು 175ನೇ ಬ್ಯಾಚ್ ನಡೆಯುತ್ತಿದ್ದಾಗ ತಂಪುಮಾಡುವ ನೀರು ಕೈಕೊಟ್ಟಿತು. ಬದಲಿ ವ್ಯವಸ್ಥೆ ಇರಲಿಲ್ಲ. ಆಪರೇಟರ್ ಮಾಲೀಕರಿಗೆ ಫೋನ್ ಮಾಡಿದ, ಅವರು ಧಾವಿಸಿ ಬಂದರು. ಹತ್ತು ನಿಮಿಷದೊಳಗೆ ರಿಯಾಕ್ಟರ್ ಸಿಡಿಯಿತು. ಮಾಲೀಕರಲ್ಲೊಬ್ಬರೂ ಮೂವರು ನೌಕರರೂ ಸತ್ತರು, 32 ಜನ ಗಾಯಗೊಂಡರು. ಲೋಹದ ಚೂರುಗಳು ಒಂದು ಮೈಲಿ ದೂರ ಹಾರಿಬಿದ್ದವು.

ಸುರಕ್ಷತಾ ಮಂಡಳಿಯ ತನಿಖಾ ತಂಡ ಅದೇ ರಾಸಾಯನಿಕಗಳನ್ನು ಪುಟ್ಟ ಉಕ್ಕಿನ ಪಾತ್ರೆಯಲ್ಲಿ ಕಾಯಿಸಿ ನೋಡಿತು. ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸೋಡಿಯಂ ಲೋಹವೂ ಅಲ್ಲಿದ್ದ ದ್ರಾವಕವೂ ಸೇರಿ ಎರಡನೆಯ, ಇನ್ನೂ ಉಗ್ರವಾದ ಕ್ರಿಯೆ ಶುರುವಾಗುತ್ತಿತ್ತು. ಮಾಲೀಕರಿಗೆ ಆ ಎರಡನೆಯ ಕ್ರಿಯೆಯ ಅರಿವೇ ಇರಲಿಲ್ಲ. ಮಂಡಳಿಯ ಶಿಫಾರಸು ಹೋದದ್ದು ಕಾಲೇಜುಗಳ ಕಡೆಗೆ: ಕೆಮಿಕಲ್ ಎಂಜಿನಿಯರಿಂಗ್ ಪದವಿಯ ಪಠ್ಯದಲ್ಲಿ ಇಂಥ ಕ್ರಿಯೆಗಳ ಅಪಾಯವನ್ನು ಕಲಿಸಬೇಕು ಎಂದು ಪಠ್ಯ ಮಾನ್ಯತೆ ನೀಡುವ ಸಂಸ್ಥೆಗೇ ಬರೆಯಿತು. ಒಂದು ಸ್ಫೋಟದ ತನಿಖೆ ತರಗತಿಯ ಬಾಗಿಲು ತಟ್ಟಿದ್ದು ಅಧ್ಯಾಪಕನಾದ ನನಗೆ ದೊಡ್ಡ ವಿಷಯ. ನಮ್ಮ ವಿಶ್ವವಿದ್ಯಾಲಯಗಳ ಪಠ್ಯ ಸಮಿತಿಯವರು ಯಾರಾದರೂ ಇಲ್ಲಿದ್ದರೆ ದಯಮಾಡಿ ಬರೆದುಕೊಳ್ಳಿ.

ತನಿಖೆ ಮುಗಿದರೆ ಸಾಲದು, ಅದು ಪ್ರಯಾಣ ಮಾಡಬೇಕು. 2005ರ ಡಿಸೆಂಬರ್ 11ರ ಬೆಳಗ್ಗೆ ಇಂಗ್ಲೆಂಡಿನ ಬನ್ಸ್‌ಫೀಲ್ಡ್ ತೈಲ ಸಂಗ್ರಹಾಗಾರದಲ್ಲಿ 912ನೇ ಟ್ಯಾಂಕ್ ತುಂಬಿ ಉಕ್ಕಿತು. ಮಟ್ಟದ ಮಾಪಕ ಅಂಟಿಕೊಂಡಿತ್ತು, ತಡೆಯಬೇಕಿದ್ದ ಇನ್ನೊಂದು ಸ್ವಿಚ್ ಕೆಲಸ ಮಾಡಲಿಲ್ಲ. ಸುರಿದ ಎರಡೂವರೆ ಲಕ್ಷ ಲೀಟರ್ ಪೆಟ್ರೋಲಿನ ಆವಿ ಮಂಜಿನಂತೆ ಹರಡಿದ್ದನ್ನು ಸಿಸಿಟಿವಿಗಳು ಸೆರೆಹಿಡಿದಿದ್ದವು. ಭಾನುವಾರವಾದ್ದರಿಂದ ಯಾರೂ ಸಾಯಲಿಲ್ಲ, 43 ಜನ ಗಾಯಗೊಂಡರು. ತಜ್ಞರನ್ನು ಕಂಗೆಡಿಸಿದ್ದು ಸ್ಫೋಟದ ಬಲ. ಬಯಲಿನಲ್ಲಿ ಹರಡಿದ ಪೆಟ್ರೋಲ್ ಆವಿ ಅಷ್ಟು ಜೋರಾಗಿ ಸಿಡಿಯಬಾರದು ಎಂದೇ ಅಲ್ಲಿಯವರೆಗಿನ ಲೆಕ್ಕ. ತನಿಖೆಗಾರರು ರಸ್ತೆ ಬದಿಯ ಬೇಲಿಗಿಡಗಳತ್ತ ತಿರುಗಿದರು. ಒತ್ತಾದ ರೆಂಬೆಗಳ ನಡುವೆ ನುಗ್ಗಿದ ಜ್ವಾಲೆ ವೇಗ ಪಡೆಯುತ್ತ ಹೋಗಿತ್ತು.

ಬ್ರಿಟನ್ನಿನ ತನಿಖಾ ಮಂಡಳಿಯ ಅಂತಿಮ ವರದಿ 2008ರಲ್ಲಿ ಬಂತು. 2009ರ ಅಕ್ಟೋಬರ್ 29ರ ಸಂಜೆ ಜೈಪುರದ ಸೀತಾಪುರದಲ್ಲಿ ಇಂಡಿಯನ್ ಆಯಿಲ್ ಸಂಗ್ರಹಾಗಾರದಲ್ಲಿ ಪೆಟ್ರೋಲ್ ಸುಮಾರು ಒಂದೂಕಾಲು ಗಂಟೆ ಸುರಿಯಿತು. ಆವಿಯ ಮೋಡ ಹರಡಿತು, ಸಿಡಿಯಿತು. 11 ಜನ ಸತ್ತರು. ಬೆಂಕಿ ಹತ್ತು ದಿನಗಳಿಗೂ ಹೆಚ್ಚು ಕಾಲ ಉರಿಯಿತು. ಆರಂಭದ ತಪ್ಪು ಬೇರೆ: ಅಲ್ಲಿ ಟ್ಯಾಂಕ್ ಉಕ್ಕಿರಲಿಲ್ಲ, ‘ಹ್ಯಾಮರ್ ಬ್ಲೈಂಡ್’ ಎಂಬ ಹಳೆಯ ಮಾದರಿಯ ವಾಲ್ವ್ ತೆರೆದಿರುವಾಗಲೇ ಟ್ಯಾಂಕಿನ ವಾಲ್ವೂ ತೆರೆದುಕೊಂಡಿತು. ಆದರೆ ಆಮೇಲಿನದೆಲ್ಲ ಬನ್ಸ್‌ಫೀಲ್ಡಿನ ಮರುಪಾಠ. ಸೋರಿಕೆಯನ್ನು ದೂರದಿಂದಲೇ ನಿಲ್ಲಿಸುವ ವ್ಯವಸ್ಥೆ ಕೆಲಸಕ್ಕೆ ಬರಲಿಲ್ಲ. ಆ ಅವಘಡದ ತನಿಖೆ ಮಾಡಿದ ಎಂ.ಬಿ. ಲಾಲ್ ಸಮಿತಿ ಇದನ್ನೆಲ್ಲ ಹಿಂಜರಿಕೆಯಿಲ್ಲದೆ ಬರೆಯಿತು. ನಮ್ಮಲ್ಲಿ ಒಳ್ಳೆಯ ತನಿಖೆ ಆಗುವುದೇ ಇಲ್ಲ ಎನ್ನುವವರು ಆ ವರದಿ ಓದಬೇಕು. 2020ರ ಮೇ 7ರಂದು ವಿಶಾಖಪಟ್ಟಣದ ಕಾರ್ಖಾನೆಯೊಂದರಲ್ಲಿ ಸ್ಟೈರೀನ್ ಎಂಬ ರಾಸಾಯನಿಕ ಸೋರಿ 12 ಜನ ಸತ್ತಾಗ ಆಂಧ್ರ ಸರ್ಕಾರದ ಉನ್ನತ ಸಮಿತಿಯ ವರದಿ ಎರಡೇ ತಿಂಗಳಲ್ಲಿ ಜನರ ಮುಂದೆ ಬಂತು. ಟ್ಯಾಂಕಿನ ಉಷ್ಣತೆಯನ್ನು ತಳದಲ್ಲಿ ಮಾತ್ರ ಅಳೆಯುತ್ತಿದ್ದರು, ಮೇಲ್ಪದರ ಕಾದದ್ದು ತಿಳಿಯಲೇ ಇಲ್ಲ, ಸೈರನ್ ಮೊಳಗಲಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳಿತು.

ಸಮಸ್ಯೆ ಇರುವುದು, ಇವೆಲ್ಲ ಆಯಾ ಹೊತ್ತಿಗೆ ಹುಟ್ಟಿ ಚದುರಿಹೋಗುವ ಸಮಿತಿಗಳು ಎಂಬುದರಲ್ಲಿ. ಭೋಪಾಲದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ಸೇರಿದ 41ಡಿ ಸೆಕ್ಷನ್ ಅಸಾಧಾರಣ ಸಂದರ್ಭದಲ್ಲಿ ತನಿಖಾ ಸಮಿತಿ ರಚಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿತು. ಶಿಫಾರಸುಗಳು ಸಲಹೆ ಮಾತ್ರ ಎಂದೂ ಅಲ್ಲೇ ಬರೆಯಿತು. ಉಳಿದಂತೆ ಕಾರ್ಖಾನೆಯ ನಕ್ಷೆಗೆ ಒಪ್ಪಿಗೆ ಕೊಟ್ಟು, ಲೈಸೆನ್ಸ್ ಕೊಟ್ಟು, ತಪಾಸಣೆ ಮಾಡುವ ಇಲಾಖೆಯೇ ಅವಘಡದ ವಿಚಾರಣೆಯನ್ನೂ ಮಾಡುತ್ತದೆ. ಅಧಿಕಾರಿ ಎಷ್ಟೇ ಪ್ರಾಮಾಣಿಕನಾಗಿರಲಿ, ತನ್ನ ಇಲಾಖೆಯ ಸಹಿಯನ್ನೇ ಪ್ರಶ್ನಿಸುವ ಸ್ಥಾನದಲ್ಲಿ ಅವನನ್ನು ನಿಲ್ಲಿಸುವುದು ನ್ಯಾಯವಲ್ಲ. ಈ ಸೂಕ್ಷ್ಮ ನಮಗೆ ಗೊತ್ತಿಲ್ಲದ್ದೇನಲ್ಲ. ರೈಲು ಅಪಘಾತಗಳನ್ನು ವಿಚಾರಿಸುವ ರೈಲ್ವೆ ಸುರಕ್ಷತಾ ಆಯುಕ್ತರನ್ನು ನಾವು ರೈಲ್ವೆಯ ಕೈಕೆಳಗಿಡದೆ ನಾಗರಿಕ ವಿಮಾನಯಾನ ಸಚಿವಾಲಯದ ಅಡಿ ಇಟ್ಟಿದ್ದೇವೆ. ರಾಸಾಯನಿಕ ಕಾರ್ಖಾನೆಗಳಿಗೂ ಅಂಥದೊಂದು ಕಾಯಂ, ಸ್ವತಂತ್ರ ಸಂಸ್ಥೆ ಬೇಕು. ಅಮೆರಿಕದ ಸರ್ಕಾರ 2026ನೇ ಸಾಲಿನ ಮುಂಗಡಪತ್ರದಲ್ಲಿ ತನ್ನ ಸುರಕ್ಷತಾ ಮಂಡಳಿಯನ್ನೇ ಮುಚ್ಚುವ ಪ್ರಸ್ತಾವ ಇಟ್ಟಿತು ಎಂಬುದನ್ನೂ ಹೇಳಬೇಕು. ಇಂಥ ಸಂಸ್ಥೆಗಳು ಎಲ್ಲೂ ಯಾರಿಗೂ ಪ್ರಿಯವಲ್ಲ. ಆದರೂ ಅವು ಬೇಕು.

2025ರ ಜೂನ್ 30ರಂದು ತೆಲಂಗಾಣದ ಪಾಶಮೈಲಾರಂನಲ್ಲಿ ಔಷಧಕ್ಕೆ ಬೇಕಾದ ಸೆಲ್ಯುಲೋಸ್ ಪುಡಿ ಒಣಗಿಸುವ ಕಾರ್ಖಾನೆ ಸಿಡಿದು 40ಕ್ಕೂ ಹೆಚ್ಚು ಜನ ಸತ್ತರು. ನಮ್ಮ ಬೀದರಿನಲ್ಲಿ, ರಾಯಚೂರಿನಲ್ಲಿ, ನಂಜನಗೂಡಿನಲ್ಲಿ, ಬೈಕಂಪಾಡಿಯಲ್ಲಿ ರಾಸಾಯನಿಕ, ಔಷಧ ಕಾರ್ಖಾನೆಗಳಿವೆ. ಅಲ್ಲಿ ಪಾಳಿಗೆ ಹೋಗುವ ಹುಡುಗರಿಗೆ ಪಾಶಮೈಲಾರಂನಲ್ಲಿ ಏನಾಯಿತು, ಏಕೆ ಆಯಿತು ಎಂದು ಕನ್ನಡದಲ್ಲೋ ಹಿಂದಿಯಲ್ಲೋ ನಾಲ್ಕು ಪುಟ ಓದಲು ಸಿಗಬೇಕು. ಸುರಕ್ಷತಾ ಸಪ್ತಾಹದ ಬ್ಯಾನರಿಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಅಂಥ ಸ್ವತಂತ್ರ ತನಿಖಾ ಸಂಸ್ಥೆ ಬರುವವರೆಗೆ ಇಲ್ಲಿ ಕೂತಿರುವವರಿಗೆ, ಮುಖ್ಯವಾಗಿ ವಿದ್ಯಾರ್ಥಿಗಳಿಗೆ, ಒಂದು ವಿನಂತಿ. ನಿಮ್ಮ ಜಿಲ್ಲೆಯಲ್ಲಿ ನಡೆದ ಒಂದು ಕಾರ್ಖಾನೆ ಅವಘಡವನ್ನು ಆರಿಸಿಕೊಳ್ಳಿ. ‘ತನಿಖೆಗೆ ಆದೇಶಿಸಲಾಗಿದೆ’ ಎಂದು ಪತ್ರಿಕೆ ಬರೆದ ಆ ತನಿಖೆಯ ವರದಿಯ ಪ್ರತಿ ಕೊಡಿ ಎಂದು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ವಾಣಿಜ್ಯ ರಹಸ್ಯ ಎನ್ನಬಹುದು, ವಿಚಾರಣೆ ಬಾಕಿ ಎನ್ನಬಹುದು. ಹಾಗೆಂದರೆ ಮೇಲ್ಮನವಿ ಸಲ್ಲಿಸಿ. ವರದಿ ಸಿಕ್ಕರೆ ಓದಿ, ಅದರಲ್ಲಿ ‘ನೌಕರನ ನಿರ್ಲಕ್ಷ್ಯ’ ಎಂದಷ್ಟೇ ಇದ್ದರೆ ಆ ನೌಕರ ಎಷ್ಟು ದಿನ ರಜೆಯಿಲ್ಲದೆ ದುಡಿದಿದ್ದ ಎಂದು ಇನ್ನೊಂದು ಅರ್ಜಿ ಹಾಕಿ. ನಮ್ಮ ರಾಜ್ಯದಲ್ಲಿ ಅರ್ಜಿಯ ಶುಲ್ಕ ಹತ್ತು ರೂಪಾಯಿ. ಒಂದೇ ವಿಷಯ, 150 ಪದಗಳ ಮಿತಿ.